ಅಲನ್ ಬ್ಲಮ್‌ಲೈನ್

ಅಲನ್ ಡೋವರ್ ಬ್ಲಮ್‌ಲೈನ್ (29 ಜೂನ್ 1903 – 7 ಜೂನ್ 1942) ಇಂಗ್ಲೆಂಡಿನ ವಿದ್ಯುತ್ ಮತ್ತು ಇಲೆಕ್ಟ್ರಾನಿಕ್ಸ್ ಎಂಜಿನಿಯರ್. ದೂರವಾಣಿ, ಧ್ವನಿಮುದ್ರಣ, ಟೆಲಿವಿಷನ್ ಮತ್ತು ರಾಡಾರ್ ಎಂಬ ನಾಲ್ಕು ಕ್ಷೇತ್ರಗಳಲ್ಲಿ ಮೂಲಭೂತ ಸಂಶೋಧನೆಗಳನ್ನು ನಡೆಸಿದ ಇವರು ಸ್ಟೀರಿಯೊ ಧ್ವನಿಮುದ್ರಣದ ಜನಕರೆಂದು ಪ್ರಸಿದ್ಧರಾಗಿದ್ದಾರೆ. ಇವರ ಹೆಸರಿನಲ್ಲಿ 128 ಪೇಟೆಂಟ್‌ಗಳಿವೆ. 1931ರಲ್ಲಿ ಇವರು ಸಲ್ಲಿಸಿದ ಒಂದು ಪೇಟೆಂಟ್ ಅರ್ಜಿಯು ಎರಡು ಧ್ವನಿವರ್ಧಕಗಳ ನಡುವೆ ಧ್ವನಿಯ ಸ್ಥಾನವನ್ನು ಮೂಡಿಸುವ ವಿಧಾನವನ್ನೂ, ಎರಡು ವಾಹಿನಿಗಳ ಧ್ವನಿಯನ್ನು ತಟ್ಟೆಯ ಒಂದೇ ಗೀರಿನಲ್ಲಿ ಅಡಕಗೊಳಿಸುವ ವಿಧಾನವನ್ನೂ ವಿವರಿಸಿತ್ತು. ಸ್ಟೀರಿಯೊ ಎಲ್‌ಪಿ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು ಅದಾದ ಕಾಲು ಶತಮಾನದ ನಂತರ. ಅಷ್ಟರಲ್ಲಿ ಬ್ಲಮ್‌ಲೈನ್ ತೀರಿಕೊಂಡು ಹದಿನೈದು ವರ್ಷಗಳು ಕಳೆದಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಹಸ್ಯ ರಾಡಾರ್ ಉಪಕರಣವೊಂದರ ಪರೀಕ್ಷಾ ಹಾರಾಟದಲ್ಲಿ ಸಂಭವಿಸಿದ ವಿಮಾನ ಅಪಘಾತದಲ್ಲಿ ತಮ್ಮ 38ನೆಯ ವಯಸ್ಸಿನಲ್ಲಿ ಅವರು ಮರಣ ಹೊಂದಿದರು. ಯುದ್ಧಕಾಲದ ಗೋಪ್ಯತೆಯಿಂದಾಗಿ ಅವರ ಹೆಸರು ಬಹುಕಾಲ ಸಾರ್ವಜನಿಕರಿಗೆ ಅಪರಿಚಿತವಾಗಿಯೇ ಉಳಿಯಿತು.

ಬಾಲ್ಯ ಮತ್ತು ಶಿಕ್ಷಣ

ಬ್ಲಮ್‌ಲೈನ್ ಅವರು 1903ರ ಜೂನ್ 29ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಜನಿಸಿದರು. ತಂದೆ ಸೆಮ್ಮಿ ಬ್ಲಮ್‌ಲೈನ್ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪೌರತ್ವವನ್ನು ಪಡೆದಿದ್ದ ಗಣಿ ಎಂಜಿನಿಯರ್. ತಾಯಿ ಜೆಸ್ಸಿ ಡೋವರ್ ದಕ್ಷಿಣ ಆಫ್ರಿಕದಲ್ಲಿ ಕ್ರೈಸ್ತ ಧರ್ಮಪ್ರಚಾರಕರಾಗಿದ್ದ ಸ್ಕಾಟ್ಲೆಂಡ್ ಮೂಲದ ವಿಲಿಯಂ ಡೋವರ್ ಅವರ ಮಗಳು.

ಬಾಲಕ ಅಲನ್‌ಗೆ ಯಂತ್ರಗಳಲ್ಲಿ ಇದ್ದ ಆಸಕ್ತಿಯನ್ನು ಸೂಚಿಸುವ ಒಂದು ಪ್ರಸಂಗವನ್ನು ಅವರ ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಏಳನೆಯ ವಯಸ್ಸಿನಲ್ಲಿ ಮನೆಯ ಬಾಗಿಲಿನ ಕರೆಗಂಟೆಯನ್ನು ದುರಸ್ತಿ ಮಾಡಿದ ಆತ, ತನ್ನನ್ನು ವಿದ್ಯುತ್ ಎಂಜಿನಿಯರ್ ಎಂದು ಕರೆದುಕೊಂಡು ತಂದೆಗೆ ಕೆಲಸದ ಬಿಲ್ಲನ್ನು ಸಲ್ಲಿಸಿದ್ದನಂತೆ. ಆದರೆ ಓದುಬರಹದಲ್ಲಿ ಆತನ ಪ್ರಗತಿ ನಿಧಾನವಾಗಿತ್ತು. ಹನ್ನೆರಡರ ವಯಸ್ಸಿನವರೆಗೂ ಸರಾಗವಾಗಿ ಓದಲು ಬರುತ್ತಿರಲಿಲ್ಲವೆಂದು ಸಹೋದರಿ ನೆನಪಿಸಿಕೊಂಡಿದ್ದಾರೆ.

ಹೈಗೇಟ್ ಶಾಲೆಯಲ್ಲಿ ವ್ಯಾಸಂಗ ಮಾಡಿದ ಬ್ಲಮ್‌ಲೈನ್ ವಿದ್ಯಾರ್ಥಿವೇತನವನ್ನು ಗಳಿಸಿ, ಇಂಪೀರಿಯಲ್ ಕಾಲೇಜಿನ ಅಂಗವಾದ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜನ್ನು ಸೇರಿದರು. ನೇರವಾಗಿ ಎರಡನೆಯ ವರ್ಷದ ತರಗತಿಗೆ ಪ್ರವೇಶ ಪಡೆದ ಅವರು ಎರಡು ವರ್ಷಗಳಲ್ಲಿ ಪ್ರಥಮ ದರ್ಜೆಯ ಬಿ.ಎಸ್‌ಸಿ. ಆನರ್ಸ್ ಪದವಿಯನ್ನು ಪಡೆದರು. ಅನಂತರ ಪ್ರಾಧ್ಯಾಪಕ ಎಡ್ವರ್ಡ್ ಮ್ಯಾಲೆಟ್ ಅವರೊಂದಿಗೆ ಹೆಚ್ಚಿನ ಆವೃತ್ತಿಯಲ್ಲಿ ವಿದ್ಯುತ್ ರೋಧವನ್ನು ಅಳೆಯುವ ಬಗೆಯನ್ನು ಕುರಿತು ಬರೆದ ಪ್ರಬಂಧವು ಬ್ರಿಟನ್ನಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಬಹುಮಾನಕ್ಕೆ ಪಾತ್ರವಾಯಿತು.

ದೂರವಾಣಿ ಕ್ಷೇತ್ರದಲ್ಲಿ

1924ರಲ್ಲಿ ಬ್ಲಮ್‌ಲೈನ್ ಇಂಟರ್‌ನ್ಯಾಷನಲ್ ವೆಸ್ಟರ್ನ್ ಇಲೆಕ್ಟ್ರಿಕ್ ಕಂಪನಿಯಲ್ಲಿ ನೌಕರಿಗೆ ಸೇರಿದರು. ಈ ಕಂಪನಿಯೇ ಮುಂದೆ ಸ್ಟ್ಯಾಂಡರ್ಡ್ ಟೆಲಿಫೋನ್ಸ್ ಅಂಡ್ ಕೇಬಲ್ಸ್ ಎಂಬ ಹೆಸರನ್ನು ಪಡೆಯಿತು. ದೂರದ ಊರುಗಳನ್ನು ಕೂಡಿಸುವ ದೂರವಾಣಿ ತಂತಿಗಳಲ್ಲಿ ಆಗ ಎರಡು ದೊಡ್ಡ ಸಮಸ್ಯೆಗಳಿದ್ದವು. ದೂರ ಹೆಚ್ಚಿದಂತೆ ಧ್ವನಿ ಕ್ಷೀಣಿಸುತ್ತಿತ್ತು. ಒಂದು ತಂತಿಯ ಮಾತು ಪಕ್ಕದ ತಂತಿಯಲ್ಲಿಯೂ ಕೇಳಿಬರುತ್ತಿತ್ತು. ಧ್ವನಿ ಕ್ಷೀಣಿಸದಂತೆ ತಂತಿಗಳಿಗೆ ನಿಯತ ಅಂತರದಲ್ಲಿ ಜೋಡಿಸುತ್ತಿದ್ದ ಸುರುಳಿಗಳ ರಚನೆಯನ್ನು ಬ್ಲಮ್‌ಲೈನ್ ಮತ್ತು ಅವರ ಸಹೋದ್ಯೋಗಿ ಜಾನ್ ಪರ್ಸಿ ಜಾನ್ಸ್ ಸುಧಾರಿಸಿ, ಈ ಎರಡೂ ದೋಷಗಳನ್ನು ಗಣನೀಯವಾಗಿ ತಗ್ಗಿಸಿದರು.

ವಿದ್ಯುನ್ಮಂಡಲದ ಅತಿ ಸೂಕ್ಷ್ಮ ಪರಿಮಾಣಗಳನ್ನು ನಿಖರವಾಗಿ ಅಳೆಯಲು ಅವರು ರೂಪಿಸಿದ ಸಾಧನವು ಬ್ಲಮ್‌ಲೈನ್ ಸೇತುವೆ ಎಂಬ ಹೆಸರಿನಿಂದ ಪರಿಚಿತವಾಗಿದೆ. ಮನುಷ್ಯನ ಕಿವಿಯು ಬೇರೆಬೇರೆ ಆವೃತ್ತಿಯ ಧ್ವನಿಗಳಿಗೆ ಎಷ್ಟೆಷ್ಟು ಸ್ಪಂದಿಸುತ್ತದೆ ಎಂಬ ಅಳತೆಗಳನ್ನೂ ಅವರು ಈ ಅವಧಿಯಲ್ಲಿ ನಡೆಸಿದರು. ಶ್ರವಣಶಕ್ತಿಯ ಈ ಪರಿಚಯವು ಮುಂದೆ ಅವರ ಸ್ಟೀರಿಯೊ ಸಂಶೋಧನೆಯಲ್ಲಿ ಉಪಯೋಗಕ್ಕೆ ಬಂದಿತು.

ಧ್ವನಿಮುದ್ರಣ ಕ್ಷೇತ್ರಕ್ಕೆ ಪ್ರವೇಶ

1929ರಲ್ಲಿ ಬ್ಲಮ್‌ಲೈನ್ ಕೊಲಂಬಿಯ ಗ್ರಾಫೊಫೋನ್ ಕಂಪನಿಗೆ ಸೇರಿದರು. ಅಲ್ಲಿ ಐಸಾಕ್ ಷೋನ್‌ಬರ್ಗ್ ಅವರ ಮೇಲಧಿಕಾರಿಯಾಗಿದ್ದರು. ಆ ಕಾಲದಲ್ಲಿ ವಿದ್ಯುತ್ತಿನ ಸಹಾಯದಿಂದ ತಟ್ಟೆಗಳನ್ನು ಕೆತ್ತುವ ವಿಧಾನದ ಪೇಟೆಂಟ್ ಅಮೆರಿಕದ ಬೆಲ್ ಸಂಸ್ಥೆಯ ಬಳಗದ ವಶದಲ್ಲಿತ್ತು. ಆ ವಿಧಾನವನ್ನು ಬಳಸುವ ಕಂಪನಿಗಳು ಮಾರಾಟವಾದ ಧ್ವನಿಮುದ್ರಿಕೆಗಳ ಮೇಲೆ ಗೌರವಧನ ತೆರಬೇಕಾಗಿತ್ತು. ಆ ಪೇಟೆಂಟಿನ ವ್ಯಾಪ್ತಿಗೆ ಒಳಪಡದ ಹೊಸ ಯಂತ್ರವನ್ನು ರೂಪಿಸುವುದು ಬ್ಲಮ್‌ಲೈನ್ ಅವರಿಗೆ ಒಪ್ಪಿಸಲಾದ ಮೊದಲ ಕಾರ್ಯ.

ಅಮೆರಿಕದ ವಿಧಾನದಲ್ಲಿ ಕೆತ್ತುವ ಸೂಜಿಯನ್ನು ಅಲುಗಾಡಿಸುತ್ತಿದ್ದುದು ಕಾಂತದ ಸೆಳೆತಕ್ಕೆ ಒಳಗಾದ ಕಬ್ಬಿಣದ ತುಂಡು. ಬ್ಲಮ್‌ಲೈನ್ ಅದರ ಬದಲಾಗಿ ಕಾಂತಕ್ಷೇತ್ರದಲ್ಲಿ ಚಲಿಸುವ ಸುರುಳಿಯನ್ನು ಬಳಸಿದರು. ಸೂಜಿಯು ಅನಗತ್ಯವಾಗಿ ಕಂಪಿಸದಂತೆ ತಡೆಯುವ ಕೆಲಸವನ್ನೂ ವಿದ್ಯುತ್ಕಾಂತದಿಂದಲೇ ಮಾಡಿಸಿದರು. ಎಚ್. ಎ. ಎಂ. ಕ್ಲಾರ್ಕ್ ಮತ್ತು ಹರ್ಬರ್ಟ್ ಹೋಲ್ಮನ್ ಈ ಕಾರ್ಯದಲ್ಲಿ ಅವರ ಸಹಾಯಕರಾಗಿದ್ದರು. ಗೌರವಧನವನ್ನು ಉಳಿಸಲು ಹೊರಟ ಈ ಪ್ರಯತ್ನದಿಂದ ಧ್ವನಿಯ ಗುಣಮಟ್ಟವೂ ಬಹುಮಟ್ಟಿಗೆ ಉತ್ತಮಗೊಂಡಿತು.

1931ರಲ್ಲಿ ಕೊಲಂಬಿಯ ಮತ್ತು ಗ್ರಾಮಫೋನ್ ಕಂಪನಿಗಳು ವಿಲೀನಗೊಂಡು ಇಎಂಐ ಸಂಸ್ಥೆ ಸ್ಥಾಪನೆಯಾಯಿತು. ಲಂಡನ್ನಿನ ಪಶ್ಚಿಮಕ್ಕಿರುವ ಹೇಯ್ಸ್‌ನಲ್ಲಿ ಅದರ ಸಂಶೋಧನಾಲಯವಿತ್ತು. ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನ ಅಬೆ ರೋಡ್‌ನಲ್ಲಿ ಸಂಸ್ಥೆಯ ಧ್ವನಿಮುದ್ರಣ ಕೇಂದ್ರವು ಉದ್ಘಾಟನೆಗೊಂಡಿತು. ಬ್ಲಮ್‌ಲೈನ್ ಅವರ ಮುಂದಿನ ಕೆಲಸಗಳು ಈ ಎರಡು ಸ್ಥಳಗಳೊಂದಿಗೆ ನಿಕಟವಾಗಿ ಬೆಸೆದುಕೊಂಡಿವೆ.

ಸ್ಟೀರಿಯೊ ಧ್ವನಿಯ ಆವಿಷ್ಕಾರ

ಸ್ಟೀರಿಯೊ ಕಲ್ಪನೆಯು ಬ್ಲಮ್‌ಲೈನ್ ಅವರಿಗೆ ಚಲನಚಿತ್ರ ಮಂದಿರದಲ್ಲಿ ಹೊಳೆಯಿತೆಂದು ಅವರ ಪತ್ನಿ ಡೊರೀನ್ ನೆನಪಿಸಿಕೊಂಡಿದ್ದಾರೆ. ಆಗ ಮಾತಿನ ಚಿತ್ರಗಳು ಹೊಸದಾಗಿ ಬಂದಿದ್ದವು. ಚಿತ್ರಮಂದಿರಗಳಲ್ಲಿ ಧ್ವನಿ ಒಂದೇ ಕಡೆಯಿಂದ ಬರುತ್ತಿತ್ತು. ನಟನು ತೆರೆಯ ಒಂದು ಅಂಚಿನಲ್ಲಿದ್ದರೂ ಅವನ ಮಾತು ಇನ್ನೆಲ್ಲಿಂದಲೋ ಕೇಳಿಸುತ್ತಿತ್ತು. ಧ್ವನಿಯು ನಟನನ್ನು ಹಿಂಬಾಲಿಸುವಂತೆ ಮಾಡುವ ದಾರಿ ತಮಗೆ ತಿಳಿದಿದೆಯೆಂದು ಬ್ಲಮ್‌ಲೈನ್ ಆ ಸಂದರ್ಭದಲ್ಲಿ ಡೊರೀನ್ ಅವರಿಗೆ ಹೇಳಿದರು.

1931ರ ಡಿಸೆಂಬರ್ 14ರಂದು ಅವರು ಪೇಟೆಂಟ್ ಅರ್ಜಿಯನ್ನು ಸಲ್ಲಿಸಿದರು. 394325 ಸಂಖ್ಯೆಯ ಈ ಬ್ರಿಟಿಷ್ ಪೇಟೆಂಟ್ 1933ರ ಜೂನ್‌ನಲ್ಲಿ ಅಂಗೀಕೃತವಾಯಿತು. ಸುಮಾರು 70 ಹಕ್ಕುಕೋರಿಕೆಗಳನ್ನು ಒಳಗೊಂಡಿದ್ದ ಈ ದಾಖಲೆಯು ಮೈಕ್ರೊಫೋನಿನಿಂದ ಮೊದಲ್ಗೊಂಡು ಧ್ವನಿವರ್ಧಕದವರೆಗಿನ ಇಡೀ ಸರಣಿಯನ್ನು ವಿವರಿಸುತ್ತದೆ. ಸ್ಟೀರಿಯೊ ಎಂಬ ಪದವನ್ನು ಬ್ಲಮ್‌ಲೈನ್ ಬಳಸಲಿಲ್ಲ; ಎರಡು ಕಿವಿಗಳಿಗೆ ಸಂಬಂಧಿಸಿದ್ದು ಎಂಬ ಅರ್ಥದ ಬೈನಾರಲ್ ಎಂಬ ಪದದಿಂದ ತಮ್ಮ ವಿಧಾನವನ್ನು ಕರೆದರು.

ಮೂಲತತ್ತ್ವ

ಧ್ವನಿಯು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದನ್ನು ನಾವು ಎರಡು ಸೂಚನೆಗಳಿಂದ ಗ್ರಹಿಸುತ್ತೇವೆ. ಮಂದ್ರ ಧ್ವನಿಗಳಲ್ಲಿ ಅಲೆಯು ಒಂದು ಕಿವಿಯನ್ನು ತಲುಪುವುದಕ್ಕೂ ಇನ್ನೊಂದನ್ನು ತಲುಪುವುದಕ್ಕೂ ಇರುವ ಸೂಕ್ಷ್ಮ ಕಾಲವ್ಯತ್ಯಾಸ ಮುಖ್ಯವಾಗುತ್ತದೆ. ತಾರ ಧ್ವನಿಗಳಿಗೆ ತಲೆಯೇ ಅಡ್ಡವಾಗುವುದರಿಂದ ಎರಡು ಕಿವಿಗಳಲ್ಲಿ ಕೇಳಿಸುವ ಪ್ರಮಾಣದ ವ್ಯತ್ಯಾಸ ಮುಖ್ಯವಾಗುತ್ತದೆ. ಎರಡು ಕಿವಿಗಳಿಗೆ ಪ್ರತ್ಯೇಕ ಶ್ರವಣಸಾಧನಗಳನ್ನು ಇಟ್ಟು ಈ ಅನುಭವವನ್ನು ನೀಡುವ ಪ್ರಯತ್ನಗಳು ಹಿಂದೆಯೇ ನಡೆದಿದ್ದವು. 1881ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೆಮಾಂ ಅದೇರ್ ಸಂಗೀತ ನಾಟಕವನ್ನು ದೂರವಾಣಿ ತಂತಿಗಳ ಮೂಲಕ ಹೀಗೆ ಕೇಳಿಸಿದ್ದರು. ಆದರೆ ಕೋಣೆಯಲ್ಲಿ ಧ್ವನಿವರ್ಧಕಗಳನ್ನು ಇಟ್ಟಾಗ ಪರಿಸ್ಥಿತಿ ಬೇರೆಯಾಗುತ್ತದೆ. ಎಡಗಡೆಯ ಧ್ವನಿವರ್ಧಕದ ಸದ್ದನ್ನು ಬಲಗಿವಿಯೂ, ಬಲಗಡೆಯದನ್ನು ಎಡಗಿವಿಯೂ ಕೇಳುತ್ತವೆ.

ಬ್ಲಮ್‌ಲೈನ್ ಇದನ್ನು ಅಡಚಣೆಯೆಂದು ಬಗೆಯದೆ ಉಪಾಯವಾಗಿ ಬಳಸಿಕೊಂಡರು. ಎರಡು ಧ್ವನಿವರ್ಧಕಗಳಿಗೂ ಒಂದೇ ಧ್ವನಿಯನ್ನು ಬೇರೆಬೇರೆ ಪ್ರಮಾಣದಲ್ಲಿ ನೀಡಿದರೆ, ಅವುಗಳ ಅಲೆಗಳು ಕಿವಿಗಳ ಬಳಿ ಕೂಡಿಕೊಂಡು, ಸಹಜವಾದ ಕಾಲವ್ಯತ್ಯಾಸವನ್ನು ಹೋಲುವ ಸೂಚನೆಯನ್ನು ಮಂದ್ರ ಧ್ವನಿಗಳಲ್ಲಿ ಉಂಟುಮಾಡುತ್ತವೆ ಎಂದು ಅವರು ಗಣಿತದ ಮೂಲಕ ತೋರಿಸಿದರು. ಅಂದರೆ ಪ್ರಮಾಣದ ವ್ಯತ್ಯಾಸವೊಂದರಿಂದಲೇ ಕೇಳುಗನ ಮುಂದೆ ಧ್ವನಿಯನ್ನು ಎಡ, ಬಲ ಅಥವಾ ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಇಂದಿಗೂ ಧ್ವನಿಮುದ್ರಣ ಕೇಂದ್ರಗಳಲ್ಲಿ ವಾದ್ಯವೊಂದನ್ನು ಎಡಕ್ಕೋ ಬಲಕ್ಕೋ ಸರಿಸುವ ಗುಂಡಿಯು ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ.

ಮೈಕ್ರೊಫೋನ್ ಜೋಡಿ

ಧ್ವನಿಯನ್ನು ಗ್ರಹಿಸಲು ಪೇಟೆಂಟ್ ಹಲವು ಬಗೆಗಳನ್ನು ಸೂಚಿಸುತ್ತದೆ. ಒಂದರಲ್ಲಿ ಹತ್ತಿರ ಹತ್ತಿರ ಇಟ್ಟ ಎರಡು ಸಾಮಾನ್ಯ ಮೈಕ್ರೊಫೋನ್‌ಗಳ ಕಾಲವ್ಯತ್ಯಾಸವನ್ನು ವಿದ್ಯುನ್ಮಂಡಲದ ಮೂಲಕ ಪ್ರಮಾಣದ ವ್ಯತ್ಯಾಸವಾಗಿ ಪರಿವರ್ತಿಸಲಾಗುತ್ತದೆ. ಈ ಮಂಡಲಕ್ಕೆ ಷಫ್ಲರ್ ಎಂಬ ಹೆಸರು ರೂಢಿಯಲ್ಲಿದೆ. ಇನ್ನೊಂದರಲ್ಲಿ ಮುಂದಿನ ಮತ್ತು ಹಿಂದಿನ ಧ್ವನಿಯನ್ನು ಮಾತ್ರ ಗ್ರಹಿಸಿ ಪಕ್ಕಗಳದನ್ನು ಬಿಟ್ಟುಬಿಡುವ ಎರಡು ಮೈಕ್ರೊಫೋನ್‌ಗಳನ್ನು ಒಂದೇ ಸ್ಥಳದಲ್ಲಿ, ಪರಸ್ಪರ 90 ಡಿಗ್ರಿ ಕೋನದಲ್ಲಿ ಇರಿಸಲಾಗುತ್ತದೆ. ಎರಡೂ ಒಂದೇ ಬಿಂದುವಿನಲ್ಲಿ ಇರುವುದರಿಂದ ಅವುಗಳ ನಡುವೆ ಕಾಲವ್ಯತ್ಯಾಸ ಉಂಟಾಗದೆ ಪ್ರಮಾಣದ ವ್ಯತ್ಯಾಸ ಮಾತ್ರ ದೊರೆಯುತ್ತದೆ. ಇದು ಬ್ಲಮ್‌ಲೈನ್ ಜೋಡಿ ಎಂದು ಪ್ರಖ್ಯಾತವಾಗಿದ್ದು ಇಂದಿಗೂ ಬಳಕೆಯಲ್ಲಿದೆ.

ಒಂದೇ ಗೀರಿನಲ್ಲಿ ಎರಡು ವಾಹಿನಿಗಳು

ಗ್ರಾಮಫೋನ್ ತಟ್ಟೆಯ ಮೇಲಿನ ಸುರುಳಿಯಾಕಾರದ ಗೀರು ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿದ್ದು, ಅದಕ್ಕೆ ಇಳಿಜಾರಾದ ಎರಡು ಗೋಡೆಗಳಿರುತ್ತವೆ. ಈ ಗೋಡೆಗಳು ಪರಸ್ಪರ ಲಂಬವಾಗಿಯೂ ತಟ್ಟೆಯ ಮೇಲ್ಮೈಗೆ 45 ಡಿಗ್ರಿ ಕೋನದಲ್ಲಿಯೂ ಇದ್ದರೆ, ಒಂದು ಗೋಡೆಯಲ್ಲಿ ಎಡ ವಾಹಿನಿಯನ್ನೂ ಇನ್ನೊಂದರಲ್ಲಿ ಬಲ ವಾಹಿನಿಯನ್ನೂ ಒಂದಕ್ಕೊಂದು ಬೆರೆಯದಂತೆ ಕೆತ್ತಬಹುದು. ಓದುವ ಸೂಜಿ ಒಂದೇ ಆದರೂ ಅದರ ಎರಡು ದಿಕ್ಕಿನ ಚಲನೆಗಳಿಂದ ಎರಡು ವಾಹಿನಿಗಳನ್ನು ಬೇರ್ಪಡಿಸಬಹುದು.

ಈ ವ್ಯವಸ್ಥೆಗೆ ಮತ್ತೊಂದು ಗುಣವಿದೆ. ಎರಡೂ ವಾಹಿನಿಗಳಲ್ಲಿ ಸಮಾನವಾಗಿರುವ ಧ್ವನಿಯು ಸೂಜಿಯನ್ನು ಪಕ್ಕದಿಂದ ಪಕ್ಕಕ್ಕೆ ಅಲುಗಿಸುತ್ತದೆ. ವಾಹಿನಿಗಳ ನಡುವಣ ವ್ಯತ್ಯಾಸವು ಮೇಲೆ ಕೆಳಗೆ ಅಲುಗಿಸುತ್ತದೆ. ಹಳೆಯ ಏಕವಾಹಿನಿ ತಟ್ಟೆಗಳಲ್ಲಿ ಇದ್ದದ್ದು ಪಕ್ಕದ ಚಲನೆ ಮಾತ್ರ. ಈ ಕಾರಣದಿಂದ ಹೊಸ ವಿಧಾನವು ಹಳೆಯದರೊಂದಿಗೆ ಹೊಂದಿಕೊಳ್ಳುತ್ತಿತ್ತು. ಎಡಬಲಗಳನ್ನು ಮೊತ್ತ ಮತ್ತು ವ್ಯತ್ಯಾಸಗಳಾಗಿ ಪರಿವರ್ತಿಸಿ ಮತ್ತೆ ಎಡಬಲಗಳಾಗಿ ಬಿಡಿಸುವ ಉಪಾಯವೂ ಇದೇ ಪೇಟೆಂಟಿನಲ್ಲಿದೆ. ಎಫ್‌ಎಂ ರೇಡಿಯೊದ ಸ್ಟೀರಿಯೊ ಪ್ರಸಾರವು ಮುಂದೆ ಇದೇ ಮೊತ್ತ-ವ್ಯತ್ಯಾಸದ ಕ್ರಮವನ್ನು ಅವಲಂಬಿಸಿತು.

ಪ್ರಯೋಗಗಳು

1933ರ ಕೊನೆಯಲ್ಲಿ ಹೇಯ್ಸ್ ಸಂಶೋಧನಾಲಯದಲ್ಲಿ ಮೊದಲ ಪ್ರಾಯೋಗಿಕ ಸ್ಟೀರಿಯೊ ತಟ್ಟೆಗಳನ್ನು ಕೆತ್ತಲಾಯಿತು. ಸಂಶೋಧಕರು ಸಭಾಂಗಣದಲ್ಲಿ ಅತ್ತಿಂದಿತ್ತ ನಡೆದಾಡುತ್ತ ಮಾತನಾಡಿ ತಮ್ಮ ಧ್ವನಿಗಳನ್ನೇ ಮುದ್ರಿಸಿಕೊಂಡರು. ಕೇಳುವವರಿಗೆ ಮಾತನಾಡುವವನ ನಡಿಗೆಯ ಜಾಡು ತಿಳಿಯುತ್ತದೆಯೇ ಎಂಬುದು ಪರೀಕ್ಷೆಯ ವಿಷಯವಾಗಿತ್ತು. 1934ರ ಜನವರಿಯಲ್ಲಿ ಅಬೆ ರೋಡ್‌ನಲ್ಲಿ ಸರ್ ಥಾಮಸ್ ಬೀಚಮ್ ಅವರ ನಿರ್ದೇಶನದಲ್ಲಿ ವಾದ್ಯವೃಂದವು ಮೊಜಾರ್ಟ್‌ನ ಜ್ಯುಪಿಟರ್ ಸಿಂಫನಿಯನ್ನು ನುಡಿಸುತ್ತಿದ್ದಾಗ ಅದನ್ನು ಸ್ಟೀರಿಯೊದಲ್ಲಿ ಮುದ್ರಿಸಿಕೊಳ್ಳಲಾಯಿತು. 1935ರಲ್ಲಿ ಹೇಯ್ಸ್ ರೈಲು ನಿಲ್ದಾಣದಲ್ಲಿ ರೈಲುಗಳು ಸಂಚರಿಸುವ ದೃಶ್ಯವನ್ನೂ ಒಳಗೊಂಡಂತೆ ಕೆಲವು ಕಿರುಚಿತ್ರಗಳನ್ನು ಸ್ಟೀರಿಯೊ ಧ್ವನಿಯೊಂದಿಗೆ ತಯಾರಿಸಲಾಯಿತು. ಚಲನಚಿತ್ರ ಮಂದಿರದಲ್ಲಿ ಹೊಳೆದ ಕಲ್ಪನೆಯು ಹೀಗೆ ತೆರೆಯ ಮೇಲೆ ಸಾಕಾರಗೊಂಡಿತು.

ಇದೇ ಕಾಲದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹಾರ್ವಿ ಫ್ಲೆಚರ್ ಮತ್ತು ಆರ್ಥರ್ ಕೆಲ್ಲರ್ ಸಹ ಸ್ವತಂತ್ರವಾಗಿ ಬಹುವಾಹಿನಿ ಧ್ವನಿಯ ಪ್ರಯೋಗಗಳಲ್ಲಿ ತೊಡಗಿದ್ದರು. ಒಂದೇ ಗೀರಿನ ವಿಧಾನವನ್ನು ಅವರ ಬಳಗವು ಪೇಟೆಂಟಿಗಾಗಿ ಮುಂದಿಟ್ಟದ್ದು ಬ್ಲಮ್‌ಲೈನ್ ಅವರ ಅರ್ಜಿಯ ಕೆಲವು ವರ್ಷಗಳ ನಂತರ.

ತಂತ್ರಜ್ಞಾನ ಸಿದ್ಧವಾಗಿದ್ದರೂ ಅದನ್ನು ಹೊರುವ ಮಾಧ್ಯಮ ಆಗಿನ್ನೂ ಇರಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಬದಿಯಲ್ಲಿ ನಾಲ್ಕು ನಿಮಿಷದಷ್ಟು ಸಂಗೀತ ಮಾತ್ರ ಹಿಡಿಸುತ್ತಿತ್ತು. ಅದರ ಮೇಲ್ಮೈಯ ಕರಕರ ಸದ್ದೂ ಹೆಚ್ಚಾಗಿತ್ತು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಜನರು ಎರಡು ಧ್ವನಿವರ್ಧಕಗಳ ಹೊಸ ಯಂತ್ರವನ್ನು ಕೊಳ್ಳುವ ಸಂಭವವೂ ಕಡಿಮೆಯಿತ್ತು. ಸಂಸ್ಥೆಯ ಸಂಶೋಧನಾ ಸಾಮರ್ಥ್ಯವೆಲ್ಲ ಟೆಲಿವಿಷನ್ ಕಡೆಗೆ ಹರಿಯಿತು. ಸ್ಟೀರಿಯೊ ಕಾರ್ಯ ಸ್ಥಗಿತಗೊಂಡಿತು.

ಟೆಲಿವಿಷನ್ ಮತ್ತು ವರ್ಧಕಗಳು

ಷೋನ್‌ಬರ್ಗ್ ಅವರ ನೇತೃತ್ವದ ತಂಡವು 405 ಗೆರೆಗಳ ಟೆಲಿವಿಷನ್ ಪದ್ಧತಿಯನ್ನು ರೂಪಿಸಿತು. 1936ರ ನವೆಂಬರ್ 2ರಂದು ಬಿಬಿಸಿ ಲಂಡನ್ನಿನ ಅಲೆಕ್ಸಾಂಡ್ರ ಪ್ಯಾಲೆಸ್‌ನಿಂದ ಟೆಲಿವಿಷನ್ ಸೇವೆಯನ್ನು ಆರಂಭಿಸಿತು. ಮೊದಲಲ್ಲಿ ಜಾನ್ ಲೋಗಿ ಬೇರ್ಡ್ ಅವರ ಪದ್ಧತಿಯನ್ನೂ ಇದನ್ನೂ ಸರದಿಯಂತೆ ಬಳಸಲಾಗುತ್ತಿತ್ತು. ಕೆಲವೇ ತಿಂಗಳಲ್ಲಿ 405 ಗೆರೆಗಳ ಪದ್ಧತಿಯೊಂದೇ ಉಳಿಯಿತು. ಬ್ರಿಟನ್ನಿನಲ್ಲಿ ಅದು 1985ರವರೆಗೂ ಚಾಲ್ತಿಯಲ್ಲಿತ್ತು. ಇದರ ಸಂಜ್ಞಾರೂಪ ಮತ್ತು ವಿದ್ಯುನ್ಮಂಡಲಗಳ ರಚನೆಯಲ್ಲಿ ಬ್ಲಮ್‌ಲೈನ್ ಅವರ ಪಾಲು ಹಿರಿದು.

ಚಿತ್ರಸಂಕೇತಗಳನ್ನು ದೂರದ ಸ್ಥಳಗಳಿಂದ ತಂತಿಯ ಮೂಲಕ ತರುವಾಗ ಹೊರಗಿನ ವಿದ್ಯುತ್ ಗೊಂದಲಗಳು ಅವುಗಳೊಡನೆ ಬೆರೆಯುತ್ತಿದ್ದವು. ಗೊಂದಲವು ಜೋಡಿ ತಂತಿಗಳೆರಡರಲ್ಲೂ ಸಮಾನವಾಗಿರುತ್ತದೆ. ಸಂಕೇತವಾದರೋ ಅವುಗಳ ವ್ಯತ್ಯಾಸದಲ್ಲಿರುತ್ತದೆ. ವ್ಯತ್ಯಾಸವನ್ನು ಮಾತ್ರ ವರ್ಧಿಸಿ ಸಮಾನಾಂಶವನ್ನು ತಿರಸ್ಕರಿಸುವಂತೆ ಬ್ಲಮ್‌ಲೈನ್ ಎರಡು ವಾಲ್ವ್‌ಗಳನ್ನು ಜೋಡಿಸಿದರು. ಲಾಂಗ್-ಟೇಲ್ಡ್ ಪೇರ್ ಎಂದು ಕರೆಯಲಾಗುವ ಈ ಮಂಡಲವು 1937ರ ಮೇ ತಿಂಗಳಲ್ಲಿ ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಮೆರವಣಿಗೆಯ ಪ್ರಸಾರದಲ್ಲಿ ಬಳಕೆಯಾಯಿತು. ವಾಲ್ವ್‌ಗಳ ಸ್ಥಾನಕ್ಕೆ ಟ್ರಾನ್ಸಿಸ್ಟರ್‌ಗಳು ಬಂದ ಮೇಲೂ ಮಂಡಲದ ರೂಪ ಬದಲಾಗಲಿಲ್ಲ. ಧ್ವನಿಮಿಶ್ರಣ ಯಂತ್ರಗಳಲ್ಲಿಯೂ ಮನೆಯ ಆಂಪ್ಲಿಫೈಯರ್‌ಗಳಲ್ಲಿಯೂ ಮೊದಲ ಹಂತವಾಗಿ ಇಂದಿಗೂ ಇದು ವ್ಯಾಪಕವಾಗಿ ಕಂಡುಬರುತ್ತದೆ.

ವಾಲ್ವ್ ಆಂಪ್ಲಿಫೈಯರ್‌ಗಳಲ್ಲಿ ಧ್ವನಿಯ ವಿಕೃತಿಯನ್ನು ತಗ್ಗಿಸುವ ಒಂದು ಜೋಡಣೆಗೆ ಅವರು 1937ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. 1950ರ ದಶಕದ ಆರಂಭದಲ್ಲಿ ಅಮೆರಿಕದ ಡೇವಿಡ್ ಹ್ಯಾಫ್ಲರ್ ಮತ್ತು ಹರ್ಬರ್ಟ್ ಕೆರೋಸ್ ಇದೇ ಬಗೆಯ ಜೋಡಣೆಯನ್ನು ಅಲ್ಟ್ರಾಲೀನಿಯರ್ ಎಂಬ ಹೆಸರಿನಲ್ಲಿ ಜನಪ್ರಿಯಗೊಳಿಸಿದರು. ಹೈ-ಫೈ ವಾಲ್ವ್ ಆಂಪ್ಲಿಫೈಯರ್‌ಗಳಲ್ಲಿ ಅದು ಪ್ರಮುಖ ವಿನ್ಯಾಸವಾಯಿತು.

ವೈಯಕ್ತಿಕ ಜೀವನ

ಬ್ಲಮ್‌ಲೈನ್ 1933ರಲ್ಲಿ ಡೊರೀನ್ ಲೇನ್ ಅವರನ್ನು ವಿವಾಹವಾದರು. ದಂಪತಿಗೆ ಇಬ್ಬರು ಗಂಡುಮಕ್ಕಳು. ಕುಟುಂಬವು ಲಂಡನ್ನಿನ ಈಲಿಂಗ್‌ನಲ್ಲಿ ವಾಸವಾಗಿತ್ತು. ವಿಮಾನಗಳ ಬಗ್ಗೆ ಅಪಾರ ಆಸಕ್ತಿಯಿದ್ದ ಬ್ಲಮ್‌ಲೈನ್ ಸ್ವತಃ ಹಾರಾಟವನ್ನು ಕಲಿತು ಪರವಾನಗಿಯನ್ನು ಪಡೆದಿದ್ದರು. ಕುದುರೆ ಸವಾರಿಯೂ ಅವರ ಹವ್ಯಾಸಗಳಲ್ಲಿ ಒಂದಾಗಿತ್ತು.

ರಾಡಾರ್ ಸಂಶೋಧನೆ ಮತ್ತು ಮರಣ

ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ಇಎಂಐ ತಂಡದ ಅನುಭವವು ರಾಡಾರ್ ಕಾರ್ಯಕ್ಕೆ ಒದಗಿತು. ರಾತ್ರಿಯ ವೇಳೆ ಶತ್ರು ವಿಮಾನಗಳನ್ನು ಪತ್ತೆಹಚ್ಚುವ ರಾಡಾರ್‌ನ ಸುಧಾರಣೆಯಲ್ಲಿ ಬ್ಲಮ್‌ಲೈನ್ ಭಾಗವಹಿಸಿದರು. ಕ್ಷಣಾರ್ಧದ ಪ್ರಬಲ ವಿದ್ಯುತ್ ಸ್ಪಂದಗಳನ್ನು ಉಂಟುಮಾಡಲು ಅವರು ರೂಪಿಸಿದ ವ್ಯವಸ್ಥೆಯು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

1942ರಲ್ಲಿ ಅವರು ಎಚ್‌2ಎಸ್ ಎಂಬ ರಹಸ್ಯ ಯೋಜನೆಯಲ್ಲಿ ತೊಡಗಿದರು. ಸುಮಾರು 10 ಸೆಂಟಿಮೀಟರ್ ಉದ್ದದ ಅಲೆಗಳನ್ನು ವಿಮಾನದಿಂದ ನೆಲಕ್ಕೆ ಹಾಯಿಸಿ, ಮರಳಿದ ಅಲೆಗಳಿಂದ ಕೆಳಗಿನ ಭೂಪ್ರದೇಶದ ನಕ್ಷೆಯನ್ನು ಪರದೆಯ ಮೇಲೆ ಮೂಡಿಸುವ ಉಪಕರಣವಿದು. ಕತ್ತಲೆ ಮತ್ತು ಮೋಡಗಳ ನಡುವೆಯೂ ಬಾಂಬರ್ ವಿಮಾನಗಳಿಗೆ ದಾರಿ ತೋರಿಸುವುದು ಇದರ ಉದ್ದೇಶವಾಗಿತ್ತು. ಸರ್ಕಾರಿ ಸಂಶೋಧನಾಲಯದಲ್ಲಿ ಈ ಯೋಜನೆಯ ಹೊಣೆ ಹೊತ್ತಿದ್ದವರು ಮುಂದೆ ರೇಡಿಯೊ ಖಗೋಳಜ್ಞರಾಗಿ ಖ್ಯಾತರಾದ ಬರ್ನಾರ್ಡ್ ಲೊವೆಲ್.

1942ರ ಜೂನ್ 7ರಂದು ಈ ಉಪಕರಣವನ್ನು ಹೊತ್ತ ವಿ9977 ಸಂಖ್ಯೆಯ ಹ್ಯಾಲಿಫ್ಯಾಕ್ಸ್ ವಿಮಾನವು ಡೆಫರ್ಡ್ ವಾಯುನೆಲೆಯಿಂದ ಹೊರಟಿತು. ಬ್ಲಮ್‌ಲೈನ್ ಹಾಗೂ ಅವರ ಇಎಂಐ ಸಹೋದ್ಯೋಗಿಗಳಾದ ಸೆಸಿಲ್ ಬ್ರೌನ್ ಮತ್ತು ಫ್ರಾಂಕ್ ಬ್ಲೈಥೆನ್ ಅದರಲ್ಲಿದ್ದರು. ಹಾರಾಟದ ನಡುವೆ ಬಲಬದಿಯ ಹೊರ ಎಂಜಿನ್ನಿಗೆ ಬೆಂಕಿ ಹತ್ತಿಕೊಂಡಿತು. ಅದನ್ನು ನಂದಿಸಲಾಗದೆ ವಿಮಾನವು ಹೆರ್‌ಫರ್ಡ್‌ಷೈರಿನ ವೆಲ್ಷ್ ಬಿಕ್ನರ್ ಬಳಿ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಹನ್ನೊಂದು ಮಂದಿಯೂ ಅಸುನೀಗಿದರು. ಸರಿಯಾಗಿ ಬಿಗಿಗೊಳ್ಳದ ಒಂದು ನಟ್ಟು ಸಡಿಲಗೊಂಡು ಎಂಜಿನ್ನಿನ ಕವಾಟದ ದಂಡವು ಮುರಿದದ್ದೇ ಬೆಂಕಿಗೆ ಕಾರಣವೆಂದು ತನಿಖೆಗಳಿಂದ ತಿಳಿದುಬಂದಿತು. ಉಪಕರಣದ ಅತಿ ರಹಸ್ಯ ಭಾಗವಾದ ಮ್ಯಾಗ್ನೆಟ್ರಾನ್ ಅನ್ಯರ ಕೈಸೇರಬಾರದೆಂದು ಲೊವೆಲ್ ಅದೇ ರಾತ್ರಿ ಸ್ಥಳಕ್ಕೆ ಧಾವಿಸಿ ಅದನ್ನು ಅವಶೇಷಗಳಿಂದ ಹುಡುಕಿ ತೆಗೆದರು.

ಯೋಜನೆಯ ಪ್ರಮುಖರನ್ನೂ ಪ್ರಯೋಗದ ಉಪಕರಣವನ್ನೂ ಒಂದೇ ದಿನ ಕಳೆದುಕೊಂಡರೂ ಕಾರ್ಯವು ನಿಲ್ಲಲಿಲ್ಲ. 1943ರ ಜನವರಿ ಕೊನೆಯಲ್ಲಿ ಹ್ಯಾಂಬರ್ಗ್ ನಗರದ ಮೇಲಿನ ದಾಳಿಯಲ್ಲಿ ಎಚ್‌2ಎಸ್ ಮೊದಲ ಬಾರಿಗೆ ಬಳಕೆಯಾಯಿತು. ಅದರ ಮಾರ್ಪಡಿಸಿದ ರೂಪವು ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಪತ್ತೆಗೆ ನೆರವಾಯಿತು. ಶತ್ರುಪಕ್ಷಕ್ಕೆ ಸುಳಿವು ಸಿಗಬಾರದೆಂಬ ಕಾರಣದಿಂದ ಬ್ಲಮ್‌ಲೈನ್ ಅವರ ಮರಣದ ವಿವರಗಳನ್ನು ಯುದ್ಧಕಾಲದಲ್ಲಿ ಗೋಪ್ಯವಾಗಿಡಲಾಯಿತು. ಹೀಗಾಗಿ ಅವರ ಸಾಧನೆಗಳನ್ನು ಸ್ಮರಿಸುವ ಲೇಖನಗಳು ಆ ಹೊತ್ತಿಗೆ ಪ್ರಕಟವಾಗಲಿಲ್ಲ.

ಮರಣಾನಂತರ ಸ್ಟೀರಿಯೊ

ಯುದ್ಧಾನಂತರ ಕಾಂತೀಯ ಟೇಪು ಮತ್ತು ವಿನೈಲ್ ಎಲ್‌ಪಿ ತಟ್ಟೆಗಳು ಬಂದವು. ಬ್ಲಮ್‌ಲೈನ್ ಅವರ ಕಾಲದಲ್ಲಿ ಇಲ್ಲದಿದ್ದ ಮಾಧ್ಯಮವು ಈಗ ದೊರೆಯಿತು. 1955ರಲ್ಲಿ ಇಎಂಐ ಸ್ಟೀರಿಯೊಸಾನಿಕ್ ಎಂಬ ಹೆಸರಿನಲ್ಲಿ ಸ್ಟೀರಿಯೊ ಟೇಪುಗಳನ್ನು ಬಿಡುಗಡೆ ಮಾಡಿತು. ಇದರ ಹಿಂದಿನ ತಾಂತ್ರಿಕ ಕಾರ್ಯದಲ್ಲಿ, ಬ್ಲಮ್‌ಲೈನ್ ಅವರ ಸಹಾಯಕರಾಗಿದ್ದ ಕ್ಲಾರ್ಕ್ ಅವರ ಪಾಲೂ ಇತ್ತು. 1957ರಲ್ಲಿ ಅಮೆರಿಕದ ವೆಸ್ಟ್ರೆಕ್ಸ್ ಕಂಪನಿಯು ಒಂದೇ ಗೀರಿನ ಎರಡು ಗೋಡೆಗಳಲ್ಲಿ 45 ಡಿಗ್ರಿ ಕೋನದಲ್ಲಿ ಕೆತ್ತುವ ವಿಧಾನವನ್ನು ಪ್ರದರ್ಶಿಸಿತು. ಪಕ್ಕದ ಚಲನೆಯಲ್ಲಿ ಒಂದು ವಾಹಿನಿಯನ್ನೂ ಮೇಲುಕೆಳಗಿನ ಚಲನೆಯಲ್ಲಿ ಇನ್ನೊಂದನ್ನೂ ಇಡುವ ಪ್ರತಿಸ್ಪರ್ಧಿ ವಿಧಾನವೂ ಆಗ ಇತ್ತು. ಕೊನೆಗೆ 45 ಡಿಗ್ರಿಯ ವಿಧಾನವೇ ಸರ್ವಸಮ್ಮತ ಮಾನಕವಾಯಿತು. 1958ರಿಂದ ಸ್ಟೀರಿಯೊ ತಟ್ಟೆಗಳು ವ್ಯಾಪಕವಾಗಿ ಮಾರಾಟವಾಗತೊಡಗಿದವು. ಇದೇ ವಿಧಾನವು 1931ರ ಬ್ರಿಟಿಷ್ ಪೇಟೆಂಟಿನಲ್ಲಿ ವಿವರವಾಗಿ ದಾಖಲಾಗಿತ್ತೆಂಬುದು ಆಗ ಎಲ್ಲರ ಗಮನಕ್ಕೆ ಬಂದಿತು. ಅಷ್ಟರಲ್ಲಿ ಆ ಪೇಟೆಂಟಿನ ಅವಧಿ ಮುಗಿದುಹೋಗಿತ್ತು.

ರಾಕ್ ಸಂಗೀತ ಮತ್ತು ಹೈ-ಫೈ

ಬ್ಲಮ್‌ಲೈನ್ ಅವರ ಕಲ್ಪನೆಯು ಒಂದು ಸ್ಥಳದಲ್ಲಿ ಒಟ್ಟಿಗೆ ನುಡಿಯುವ ವಾದ್ಯವೃಂದವನ್ನು ಇದ್ದಂತೆಯೇ ಮನೆಗೆ ತಲುಪಿಸುವುದಾಗಿತ್ತು. ರಾಕ್ ಸಂಗೀತದ ಧ್ವನಿಮುದ್ರಣ ಬೇರೆ ಹಾದಿಯನ್ನು ಹಿಡಿಯಿತು. ಪ್ರತಿ ವಾದ್ಯವನ್ನೂ ಬೇರೆಬೇರೆಯಾಗಿ ಟೇಪಿನ ಬೇರೆಬೇರೆ ಪಟ್ಟಿಗಳಲ್ಲಿ ಮುದ್ರಿಸಿ, ಅನಂತರ ಮಿಶ್ರಣ ಮಾಡುವಾಗ ಅವುಗಳಿಗೆ ಸ್ಥಾನ ಕಲ್ಪಿಸುವುದು ರೂಢಿಗೆ ಬಂದಿತು. ಅಲ್ಲಿರುವುದು ನಿಜವಾದ ವೇದಿಕೆಯಲ್ಲ, ನಿರ್ಮಿತ ವೇದಿಕೆ. ಆದರೆ ಆ ವೇದಿಕೆ ನಿಂತಿರುವುದು ಪ್ರಮಾಣದ ವ್ಯತ್ಯಾಸದಿಂದ ಸ್ಥಾನ ಮೂಡುತ್ತದೆ ಎಂಬ ಬ್ಲಮ್‌ಲೈನ್ ತತ್ತ್ವದ ಮೇಲೆಯೇ.

ಬೀಟಲ್ಸ್ ತಂಡವು 1960ರ ದಶಕದಲ್ಲಿ ಅಬೆ ರೋಡ್‌ನಲ್ಲಿ ಬಳಸಿದ ಇಎಂಐ ಧ್ವನಿಮಿಶ್ರಣ ಯಂತ್ರಗಳಲ್ಲಿ ಸ್ಟೀರಿಯೊ ಹರವನ್ನು ಹಿಗ್ಗಿಸುವ ಮತ್ತು ಕುಗ್ಗಿಸುವ ವ್ಯವಸ್ಥೆಯಿತ್ತು. ಅದು ಬ್ಲಮ್‌ಲೈನ್ ಅವರ ಷಫ್ಲರ್ ಪರಂಪರೆಗೆ ಸೇರಿದ್ದಾಗಿತ್ತು. ಆ ದಶಕದ ಬಹುಭಾಗ ರಾಕ್ ಸಂಗೀತದಲ್ಲಿ ಏಕವಾಹಿನಿ ಮಿಶ್ರಣವೇ ಪ್ರಧಾನವಾಗಿದ್ದು, ಸ್ಟೀರಿಯೊ ಆವೃತ್ತಿಗೆ ಕಡಿಮೆ ಗಮನ ದೊರೆಯುತ್ತಿತ್ತು. 1969ರಲ್ಲಿ ಬಿಡುಗಡೆಯಾದ ಬೀಟಲ್ಸ್‌ನ ಅಬೆ ರೋಡ್ ಆಲ್ಬಮ್ ಬ್ರಿಟನ್ನಿನಲ್ಲಿ ಸ್ಟೀರಿಯೊದಲ್ಲಿ ಮಾತ್ರ ಪ್ರಕಟವಾಯಿತು.

1973ರಲ್ಲಿ ಅದೇ ಕೇಂದ್ರದಿಂದ ಹೊರಬಂದ ಪಿಂಕ್ ಫ್ಲಾಯ್ಡ್ ತಂಡದ ದ ಡಾರ್ಕ್ ಸೈಡ್ ಆಫ್ ದ ಮೂನ್ ಹೈ-ಫೈ ಕೇಳುಗರು ತಮ್ಮ ಯಂತ್ರಗಳನ್ನು ಪರೀಕ್ಷಿಸಲು ಬಳಸುವ ಆಲ್ಬಮ್‌ಗಳಲ್ಲಿ ಮುಖ್ಯವಾದದ್ದು. ಅದರ ಧ್ವನಿಮುದ್ರಣ ಎಂಜಿನಿಯರ್ ಅಲನ್ ಪಾರ್ಸನ್ಸ್. ಗಡಿಯಾರಗಳ ಗಂಟೆಗಳು, ನಾಣ್ಯಗಳ ಸದ್ದು, ಓಡುವ ಹೆಜ್ಜೆಗಳ ಸಪ್ಪಳ ಅದರಲ್ಲಿ ಕೇಳುಗನ ಮುಂದೆ ಹರಡಿಕೊಳ್ಳುತ್ತವೆ. ಹೇಯ್ಸ್ ಸಭಾಂಗಣದಲ್ಲಿ 1933ರಲ್ಲಿ ನಡೆದಾಡುತ್ತ ಮಾತನಾಡಿದ ಸಂಶೋಧಕರು ಪರೀಕ್ಷಿಸಿದ್ದೂ ಚಲಿಸುವ ಧ್ವನಿಯ ಜಾಡನ್ನೇ. ಸ್ಟೀಲಿ ಡ್ಯಾನ್‌ನ ಏಜಾ (1977) ಮತ್ತು ಡೈರ್ ಸ್ಟ್ರೇಟ್ಸ್‌ನ ಬ್ರದರ್ಸ್ ಇನ್ ಆರ್ಮ್ಸ್ (1985) ಸಹ ಇಂತಹ ಪರೀಕ್ಷೆಗೆ ಬಳಕೆಯಾಗುವ ಪ್ರಸಿದ್ಧ ಆಲ್ಬಮ್‌ಗಳು. ಏಜಾ ಉತ್ತಮ ಧ್ವನಿಮುದ್ರಣಕ್ಕಾಗಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು. ಬ್ರದರ್ಸ್ ಇನ್ ಆರ್ಮ್ಸ್ ಡಿಜಿಟಲ್ ಟೇಪಿನಲ್ಲಿ ಮುದ್ರಣಗೊಂಡು ಸಿಡಿಗಳ ಪ್ರಚಾರಕ್ಕೆ ಕಾರಣವಾಯಿತು.

ರಾಕ್ ಆಲ್ಬಮ್‌ಗಳ ಒಂದು ಸಾಮಾನ್ಯ ಲಕ್ಷಣಕ್ಕೂ ಗೀರಿನ ರಚನೆಗೂ ಸಂಬಂಧವಿದೆ. ಬೇಸ್ ಗಿಟಾರ್ ಮತ್ತು ದೊಡ್ಡ ಡ್ರಮ್ಮಿನ ಧ್ವನಿ ಬಹುತೇಕ ನಡುವಿನಿಂದಲೇ ಕೇಳಿಬರುತ್ತದೆ. ಮಂದ್ರ ಧ್ವನಿಯು ಎರಡೂ ವಾಹಿನಿಗಳಲ್ಲಿ ಸಮಾನವಾಗಿದ್ದರೆ ಸೂಜಿ ಪಕ್ಕಕ್ಕೆ ಮಾತ್ರ ಅಲುಗುತ್ತದೆ. ವಾಹಿನಿಗಳಲ್ಲಿ ಅದು ಭಿನ್ನವಾಗಿದ್ದರೆ ಸೂಜಿ ಮೇಲೆ ಕೆಳಗೆ ಬಲವಾಗಿ ಕುಣಿದು ಗೀರಿನಿಂದ ಜಿಗಿಯುವ ಅಪಾಯವಿರುತ್ತದೆ. ತಟ್ಟೆ ಕೆತ್ತುವವರ ಈ ಅಗತ್ಯವು ಮಿಶ್ರಣದ ರೂಢಿಯನ್ನು ಬಲಪಡಿಸಿತು. ತಟ್ಟೆಯ ಬಳಕೆ ಕಡಿಮೆಯಾದ ಸಿಡಿಗಳ ಕಾಲದಲ್ಲಿಯೂ ಆ ರೂಢಿ ಮುಂದುವರಿಯಿತು.

ಗೌರವಗಳು

ಬ್ಲಮ್‌ಲೈನ್ ಅವರಿಗೆ ಮನ್ನಣೆ ದೊರೆತದ್ದು ತಡವಾಗಿ. 1977ರಲ್ಲಿ ಈಲಿಂಗ್‌ನ ಅವರ ಮನೆಯ ಮೇಲೆ ನೀಲಿ ಸ್ಮಾರಕ ಫಲಕವನ್ನು ಅಳವಡಿಸಲಾಯಿತು. ಅಪಘಾತ ಸಂಭವಿಸಿದ ಸ್ಥಳಕ್ಕೆ ಸಮೀಪದ ಗುಡ್‌ರಿಚ್ ಕೋಟೆಯ ಪ್ರಾರ್ಥನಾ ಮಂದಿರದಲ್ಲಿ ರಾಡಾರ್ ಸಂಶೋಧನೆಗಾಗಿ ಪ್ರಾಣ ತೆತ್ತವರ ನೆನಪಿಗೆ 1992ರಲ್ಲಿ ಬಣ್ಣದ ಗಾಜಿನ ಕಿಟಕಿಯೊಂದನ್ನು ಸಮರ್ಪಿಸಲಾಯಿತು. ರಾಬರ್ಟ್ ಚಾರ್ಲ್ಸ್ ಅಲೆಕ್ಸಾಂಡರ್ ಬರೆದ ಅವರ ಜೀವನಚರಿತ್ರೆ 1999ರಲ್ಲಿ ಪ್ರಕಟವಾಯಿತು. ರಸೆಲ್ ಬರ್ನ್ಸ್ ಅವರ ಕೃತಿಯು ಮರುವರ್ಷ ಹೊರಬಂದಿತು. 2015ರಲ್ಲಿ ಅಂತರರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆಯಾದ ಐಇಇಇ ಸ್ಟೀರಿಯೊ ಆವಿಷ್ಕಾರದ ಸ್ಮರಣಾರ್ಥ ಅಬೆ ರೋಡ್ ಧ್ವನಿಮುದ್ರಣ ಕೇಂದ್ರದಲ್ಲಿ ಫಲಕವನ್ನು ಸ್ಥಾಪಿಸಿತು. 2017ರಲ್ಲಿ, ಅವರು ತೀರಿಕೊಂಡು 75 ವರ್ಷಗಳಾಗಿದ್ದಾಗ, ಅವರಿಗೆ ಮರಣೋತ್ತರವಾಗಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿಯನ್ನು ಪ್ರದಾನ ಮಾಡಲಾಯಿತು.